ಯಜಮಾನರ ಮರುಮಾತು

ನಮ್ಮೂರಿನಲ್ಲಿ ಇವತ್ತು ಆಡಿದ ಮಾತು ನಾಳೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅದೇ ದನಿಯಲ್ಲಿ ಇನ್ನೊಂದು ಸಲ ಕೇಳಿಸುತ್ತದೆ. ಇದಕ್ಕೆ ನಾವು ಮರುಮಾತು ಅನ್ನುತ್ತೇವೆ. ಮರುಮಾತಿಗೆ ಮರುಮಾತಿಲ್ಲ, ಒಂದು ಸಲ ಮರಳಿ ಬಂದದ್ದು ಅಲ್ಲಿಗೆ ಮುಗಿಯಿತು. ಪರವೂರಿನವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ, ಬಿಟ್ಟ ಬಾಯಿಂದ ಏನಾದರೂ ಅಂದರೆ ಅದೂ ನಾಳೆ ಕೇಳಿಸುತ್ತದೆ. ನಮಗೆ ಇದೆಲ್ಲ ಮಾಮೂಲು. ಗಂಡಹೆಂಡಿರು ಜಗಳವಾಡಿದರೆ ಮರುದಿನ ಆ ಹೊತ್ತಿಗೆ ಸರಿಯಾಗಿ ಮನೆಗೆ ಬೀಗ ಹಾಕಿಕೊಂಡು ಇಬ್ಬರೂ ಹೊರಗೆ ಹೋಗುತ್ತಾರೆ. ಖಾಲಿ ಮನೆಯೊಳಗೆ ಜಗಳ ತನ್ನಷ್ಟಕ್ಕೆ ತಾನು ನಡೆದು ಮುಗಿಯುತ್ತದೆ. ಜೋಗುಳ ಹಾಡಿದ ತಾಯಿ ಮರುದಿನ ತೊಟ್ಟಿಲನ್ನು ಅಲ್ಲೇ ಬಿಟ್ಟು ಬಟ್ಟೆ ಒಗೆಯಲು ಹೋಗುತ್ತಾಳೆ. ಮದುಮಗಳ ‘ಹೂಂ’ ಚಪ್ಪರದಡಿ ಇನ್ನೊಮ್ಮೆ ಕೇಳಿಸುವ ತನಕ ಬೀಗರು ಗಂಟುಮೂಟೆ ಕಟ್ಟುವುದಿಲ್ಲ. ವ್ಯಾಪಾರವಿರಲಿ, ಆಣೆಯಿರಲಿ, ತೀರ್ಪಿರಲಿ, ಮರುಮಾತು ಕೇಳಿಸದೆ ಯಾವುದೂ ಜಾರಿಗೆ ಬರುವುದಿಲ್ಲ.

ನಾನು ಇಮ್ಮಾನುವೇಲ, ಊರವರ ಬಾಯಲ್ಲಿ ಇಮ್ಮಣ್ಣ. ಗಡಿಕಲ್ಲಿನಾಚೆಯ ಪಟ್ಟಣದಲ್ಲಿ ಬಿ.ಎ. ಓದಿ ಬಂದವನು. ಊರವರ ಪ್ರಕಾರ ಬಿ.ಎ. ಅಂದರೆ ‘ಬಾಯಿ ಆಡಿಸುವವ’. ಬೆಲ್ಲದ ಪೇಟೆಯಲ್ಲಿ ಸವಾಲು, ಅಂದರೆ ಹರಾಜು, ಕೂಗುವುದು ನನ್ನ ಕೆಲಸ. ಬದುಕಿನಲ್ಲಿ ಸವಾಲು ಎದುರಿಸುವವರು ಬೇಕಾದಷ್ಟು ಮಂದಿ ಇದ್ದಾರೆ, ಸವಾಲು ಕೂಗಿಯೇ ಹೊಟ್ಟೆ ಹೊರೆಯುವವನು ಇಲ್ಲಿ ನಾನೊಬ್ಬನೇ. ಇದರ ಮೇಲೆ ನನಗೊಂದು ಚಟ, ಕಂಡವರ ದನಿ ತೆಗೆಯುವುದು. ಊರ ಯಜಮಾನರಾದ ತಮ್ಮನಗೌಡರ ದನಿಯಂತೂ ನನಗೆ ನೀರು ಕುಡಿದಷ್ಟು ಸಲೀಸು. ಮೊದಲು ‘ಹ್ಞಾಂ’ ಅನ್ನಬೇಕು, ಆಮೇಲೆ ಗಂಟಲೊಳಗೆ ಬಂಡಿ ಹೊರಳಿದಂತೆ ಕೆಮ್ಮಬೇಕು, ಕೊನೆಗೆ ‘ತಿಳೀತಿಲ್ಲೋ?’ ಅನ್ನಬೇಕು. ಒಮ್ಮೆ ಹಿತ್ತಿಲ ಗೋಡೆಯ ಮರೆಯಲ್ಲಿ ನಿಂತು ಅವರ ದನಿಯಲ್ಲಿ ಅವರ ಆಳಿಗೆ ‘ಇವತ್ತು ನಿನಗ ರಜಾ’ ಅಂದುಬಿಟ್ಟಿದ್ದೆ. ಆಳು ಮರುದಿನ ಮರುಮಾತು ಕೇಳಿಸಿಕೊಂಡು ಇನ್ನೊಂದು ರಜೆಯನ್ನೂ ತೆಗೆದುಕೊಂಡ.

ಕೆರೆಯ ಕೆಳಗಿನ ಓಣಿಯಲ್ಲಿ ನಮ್ಮವು ಬೆರಳೆಣಿಕೆಯ ಕ್ರೈಸ್ತ ಮನೆಗಳು. ತಾತನ ಕಾಲದಿಂದ ಊರವರ ಜೊತೆ ಉಂಡು ಉಟ್ಟು ಇದ್ದವರೇ. ಆದರೆ ಹೋದ ಸುಗ್ಗಿಯಲ್ಲಿ ಯಜಮಾನರು ಒಂದು ಕಟ್ಟಳೆ ತಂದರು: ಯೇಸುವಿನ ಸುದ್ದಿಯನ್ನು ಯಾರ ದನಿ ಊರವರಿಗೆ ಹೇಳಿದ್ದು ಮರುಮಾತಿನಲ್ಲಿ ಕೇಳಿಸುತ್ತದೋ, ಆ ದನಿಯವರು ಗಡಿಕಲ್ಲು ದಾಟಿ ಹೋಗಬೇಕು, ಮತ್ತೆ ಬರಕೂಡದು. ಈ ಊರಲ್ಲಿ ಪ್ರತಿ ಮಾತೂ ಎರಡೆರಡು ಸಲ ಕಿವಿಗೆ ಬೀಳುತ್ತದೆ, ಹೊಸ ಸುದ್ದಿ ಬೇಗ ಬೇರು ಬಿಡುತ್ತದೆ ಎಂಬುದು ಅವರ ಭಯ. ಮೊದಲು ಸಿಕ್ಕಿಬಿದ್ದವರು ನಮ್ಮ ಉಪದೇಶಿ ಸಾಮುವೇಲಪ್ಪ. ಯಾರೋ ಎಸೆದ ಕಲ್ಲಿಗೆ ಅವರ ಮುಂಗೈ ಮುರಿದಿತ್ತು. ಮುರಿದ ಕೈಯನ್ನು ಹೆಂಡತಿಯ ಹಳೇ ಸೀರೆಯ ಅಂಚಿನಲ್ಲಿ ಕಟ್ಟಿಕೊಂಡು, ಇನ್ನೊಂದು ಕೈಯಲ್ಲಿ ಮಗುವನ್ನೆತ್ತಿಕೊಂಡು ಗಡಿ ದಾಟಿದರು. ಕಿರಾಣಿ ಅಂಗಡಿಯವನು ನಮಗೆ ಉಪ್ಪು ಕೊಡುವುದನ್ನು ನಿಲ್ಲಿಸಿದ. ಅಲ್ಲಿಂದಾಚೆಗೆ ನಮ್ಮ ಓಣಿಯಲ್ಲಿ ಭಾನುವಾರದ ಆರಾಧನೆಯೇ ಮೂಕವಾಯಿತು. ಎಲ್ಲರೂ ಸಾಲಾಗಿ ಕೂತು ತುಟಿ ಮಾತ್ರ ಆಡಿಸಿ ಹಾಡುತ್ತಿದ್ದೆವು, ಕೆರೆಯ ಮೀನುಗಳ ಹಾಗೆ. ಮರುದಿನ ಏನೂ ಕೇಳಿಸುತ್ತಿರಲಿಲ್ಲ, ಕೇಳಿಸುವುದಕ್ಕೆ ಏನೂ ಇರಲೂ ಇಲ್ಲ.

ಇದಕ್ಕೆ ಒಪ್ಪದವಳು ಒಬ್ಬಳೇ, ನನ್ನನ್ನು ಸಾಕಿದ ಚಿಕ್ಕಮ್ಮ, ನನ್ನ ಚಿಗವ್ವ ರೂತವ್ವ. ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವುದು ಅವಳ ಕಸುಬು. ಕೌದಿ ಬೇಕಾದ ಮನೆಯ ಕಟ್ಟೆಯ ಮೇಲೆ ದಿನಗಟ್ಟಲೆ ಕೂತು ಹೊಲಿಯುತ್ತಾಳೆ.

“ಚಿಗವ್ವಾ, ತುಟಿ ಆಡಸು, ದನಿ ಬಿಡಬ್ಯಾಡ. ದೇವರಿಗೆ ತುಟಿ ಓದಾಕ ಬರತೈತಿ,” ಅಂದೆ ನಾನು.

“ದೇವರಿಗೇನೋ ಬರತೈತಿ. ಬಾಜೂ ಮನಿಯವರಿಗೆ ಬರಬೇಕಲ್ಲೋ?” ಅಂದಳು.

ಅವಳು ಆಗ ಕೌದಿ ಹೊಲಿಯುತ್ತಿದ್ದದ್ದು ಬೇರೆಲ್ಲೂ ಅಲ್ಲ, ಯಜಮಾನರ ಮನೆಯ ಕಟ್ಟೆಯ ಮೇಲೆಯೇ. ಯಜಮಾನರ ಹೆಂಡತಿ ನೀಲಗಂಗವ್ವನ ಒಬ್ಬಳೇ ಮಗಳು ಜ್ವರದಲ್ಲಿ ತೀರಿಕೊಂಡಿದ್ದಳು. ಆ ಹುಡುಗಿಯ ಲಂಗ, ರವಿಕೆಗಳನ್ನೆಲ್ಲ ಕತ್ತರಿಸಿ ಒಂದು ಕೌದಿ ಮಾಡಿಕೊಡು ಎಂದು ನೀಲಗಂಗವ್ವ ಕೇಳಿಕೊಂಡಿದ್ದಳು. ಒಂದು ಮಧ್ಯಾಹ್ನ ಆಕೆ ಹತ್ತಿರ ಬಂದು ಕೂತು ಕೇಳಿದಳಂತೆ, “ರೂತವ್ವ, ನೀನೂ ಗಂಡನ್ನ, ಮಗನ್ನ ಮಣ್ಣಿಗಿಟ್ಟಾಕಿ. ನನಗ ತುತ್ತು ಗಂಟಲಾಗ ಇಳೀವಲ್ದು. ನೀ ಹೆಂಗ ಗುನುಗುಕೋತ ಹೊಲಿತಿ?”

ಚಿಗವ್ವನ ಸೂಜಿ ನಿಂತಿತು. “ಅದನ್ನ ಹೇಳಿದ್ರ ನಾ ಗಡಿ ದಾಟಬೇಕಾಕ್ಕತಿ ಗೌಡತಿ.”

“ಹಂಗಾರ ಬ್ಯಾಡ ಬಿಡವ್ವ.”

“ಅಳಕೋತ ಕೇಳಿದಿ. ಹೆಂಗ ಬಿಡ್ಲಿ?” ಎಂದು ಚಿಗವ್ವ ಎಲ್ಲವನ್ನೂ ಹೇಳಿದಳು. ಯೇಸು ಹುಟ್ಟಿದ್ದರಿಂದ ಹಿಡಿದು ಕೊನೆಯ ತನಕ.

ನೀಲಗಂಗವ್ವ ಅದನ್ನು ಮರುದಿನವೂ ಕೇಳಬೇಕೆಂದು ಅದೇ ಹೊತ್ತಿಗೆ ಕಟ್ಟೆಗೆ ಬಂದು ಕೂತಳು. ಒಬ್ಬಳೇ ಕೂತಿದ್ದರೆ ಸರಿಹೋಗುತ್ತಿತ್ತು, ಅಕ್ಕಪಕ್ಕದ ಹೆಂಗಸರನ್ನೂ ಕರೆದು ಕೂರಿಸಿಕೊಂಡಳು. ನಡುವೆ ಯಜಮಾನರು ಊಟಕ್ಕೆ ಬಂದರು. ಖಾಲಿ ಕಟ್ಟೆಯ ಮೂಲೆಯಿಂದ ಚಿಗವ್ವನ ದನಿ ಯೇಸುವಿನ ಸುದ್ದಿ ಹೇಳುತ್ತಿದೆ, ಸುತ್ತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಯಜಮಾನರು ಕೂಗಾಡಿದರು. ಎಷ್ಟು ಕೂಗಾಡಿದರೆಂದರೆ, ಕೊನೆಯ ಭಾಗ ಅವರಿಗೇ ಕೇಳಿಸಲಿಲ್ಲ.

ಆದರೆ ಮರುಮಾತು ಬಂದು ಹೋಗಿತ್ತು. ಊರ ಮನೆಮನೆಯ ಹಿರಿಯರೆಲ್ಲ ಕಿವಿಯಾರೆ ಕೇಳದೆ ಯಾರನ್ನೂ ಗಡಿ ದಾಟಿಸುವಂತಿಲ್ಲ. ಹಾಗಾಗಿ ನಾಳೆ ಮುಂಜಾನೆ ನ್ಯಾಯಕಟ್ಟೆಗೆ ಬಂದು, ಕಟ್ಟೆಯ ಮೇಲೆ ಏನು ಹೇಳಿದೆ ಎಂಬುದನ್ನು ಎಲ್ಲರೆದುರು ಹೇಳಬೇಕು ಎಂದು ಚಿಗವ್ವನಿಗೆ ಕರೆ ಬಂತು. ಹೇಳಿದರೆ ಅದರ ಮರುಮಾತೇ ಅವಳನ್ನು ಊರಾಚೆ ಹಾಕುತ್ತದೆ. ಏನೂ ಹೇಳಿಲ್ಲ ಅಂದರೆ ಬಿಡುಗಡೆ. ಅಷ್ಟು ಸರಳ.

ಮುಂಜಾನೆ ರೊಟ್ಟಿ ತಟ್ಟುತ್ತಿದ್ದವಳ ಮುಂದೆ ಕುಕ್ಕರಗಾಲಲ್ಲಿ ಕೂತು ಗೋಗರೆದೆ. “ಕೌದಿ ಹೊಲದ್ನಿ ಅಂದುಬಿಡು ಚಿಗವ್ವಾ. ಅದೇನು ಸುಳ್ಳಲ್ಲಲ್ಲ.”

“ಸುಳ್ಳಲ್ಲ. ಆದ್ರ ಅವರು ಕೇಳಿದ್ದಕ್ಕ ಜವಾಬೂ ಅಲ್ಲ.”

“ಈ ವಯಸ್ಸಿನಾಗ ಎಲ್ಲಿಗೆ ಹೋಗ್ತಿ? ಆಚೀ ಕಡೆ ಆಡಿದ ಮಾತು ಆಡಿದಲ್ಲೇ ಸಾಯತೈತಿ. ಪಟ್ಟಣದಾಗ ಮೊದಲನೇ ವಾರ ನನಗ ಹುಚ್ಚು ಹಿಡಿಯೋದು ಬಾಕಿ ಇತ್ತು.”

“ಸಾಮುವೇಲಪ್ಪ ಅದಾನಲ್ಲ, ಮಾತಾಡಾಕ.”

ಆಗ ನಾನು ನನ್ನ ಕೊನೆಯ ಉಪಾಯ ತೆಗೆದೆ. “ನೀ ಸುಮ್ನ ನಿಂದ್ರು. ನಾ ನಿನ್ನ ಹಿಂದ ನಿಂತಿರ್ತೀನಿ.” ಮತ್ತು ಅವಳದೇ ದನಿಯಲ್ಲಿ, ಆ ಸಣ್ಣ ನಡುಕ, ಮಾತಿನ ಕೊನೆಯಲ್ಲಿ ಬರುವ ಉಸಿರು ಎಲ್ಲ ಸೇರಿಸಿ, “ನಾ ಏನೂ ಹೇಳಿಲ್ರಿ ಯಜಮಾನ್ರ,” ಅಂದು ತೋರಿಸಿದೆ.

ಚಿಗವ್ವ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಹಿಟ್ಟಿನ ಕೈಯಿಂದಲೇ ನನ್ನ ಗದ್ದ ಹಿಡಿದಳು. “ಭಾಳ ಚಂದ ಬಂತು. ನಾಳೆ ಈ ಒಲೀ ಮುಂದ ಕುಂತು ಈ ಮಾತನ್ನ ನಾ ಮತ್ತೊಮ್ಮೆ ಕೇಳಬೇಕು, ಅಷ್ಟ ಸಾಕು ನನಗ. ಅಲ್ಲಿ ಅಂದಿ ಅಂದ್ರ ನೀ ನನ್ನ ಮಗ ಅಲ್ಲ ನೋಡು.”

ಗದ್ದಕ್ಕೆ ಹಿಟ್ಟು ಮೆತ್ತಿಕೊಂಡೇ ನ್ಯಾಯಕಟ್ಟೆಗೆ ಹೋದೆ.

ಇಲ್ಲಿ ನಮ್ಮೂರಿನ ನ್ಯಾಯದ ಒಂದು ಪದ್ಧತಿ ಹೇಳಬೇಕು. ಆಪಾದನೆ ಹೊತ್ತವರು ಒಂದು ಮಾತು ಆಡಿದರೆ, ಯಜಮಾನರು ಅದನ್ನು ಇದ್ದ ಹಾಗೆಯೇ ದೊಡ್ಡ ದನಿಯಲ್ಲಿ ಇನ್ನೊಮ್ಮೆ ಹೇಳಬೇಕು. ‘ಬದುವಿನ ಮರ ನಾನೇ ಕಡಿದೆ’ ಅಂತ ಒಬ್ಬ ಗೊಣಗಿದರೆ, ಯಜಮಾನರು ‘ಬದುವಿನ ಮರ ನಾನೇ ಕಡಿದೆ’ ಎಂದು ಗುಡುಗುತ್ತಾರೆ. ಮರುದಿನ ಯಾರೂ ಸರಿಯಾಗಿ ಕೇಳಿಸಲಿಲ್ಲ ಅನ್ನಬಾರದಲ್ಲ, ಅದಕ್ಕೆ. ತಲೆತಲಾಂತರದಿಂದ ಮರ, ಬದು, ಎಮ್ಮೆಗಳ ತಂಟೆಗೆ ನಡೆದುಬಂದ ಪದ್ಧತಿ. ತಮ್ಮನಗೌಡರಿಗೆ ತಮ್ಮ ದನಿಯ ಮೇಲೆ ತುಸು ಜಾಸ್ತಿಯೇ ಅಭಿಮಾನ. ಕಟ್ಟಳೆ ಹೊಸದು, ಪದ್ಧತಿ ಹಳೆಯದು. ಇವೆರಡನ್ನೂ ಒಟ್ಟಿಗೆ ಯಾರೂ ಯೋಚಿಸಿ ನೋಡಿರಲಿಲ್ಲ.

“ಹ್ಞಾಂ,” ಅಂದು ಕೆಮ್ಮಿ ಯಜಮಾನರು ಕೇಳಿದರು, “ನಮ್ಮ ಮನೀ ಕಟ್ಟೀಮ್ಯಾಲ ಏನ್ ಹೇಳಿದಿ? ಒಂದೂ ಬಿಡಬ್ಯಾಡ. ತಿಳೀತಿಲ್ಲೋ?”

ಚಿಗವ್ವ ಸೆರಗು ಹೊದ್ದುಕೊಂಡು ನಿಂತಳು. ಅವಳ ಕಾಲು ನಡುಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ನನ್ನ ಗಂಟಲಿನಲ್ಲಿ ಅವಳ ದನಿ ಸಿದ್ಧವಾಗಿ ಕೂತಿತ್ತು, ತುಟಿ ತೆರೆದರೆ ಸಾಕು. ತೆರೆಯಲಿಲ್ಲ.

“ದೇವರು ನಮ್ಮನ್ನ ಮರತಿಲ್ಲ ಅಂತ ಹೇಳಿದ್ನಿರಿ,” ಅಂದಳು ಸಣ್ಣಗೆ.

“ದೇವರು ನಮ್ಮನ್ನ ಮರತಿಲ್ಲ!” ಎಂದು ಯಜಮಾನರು ಗುಡುಗಿದರು. ಬೇವಿನ ಮರದ ಹಕ್ಕಿಗಳು ಎದ್ದು ಹಾರಿದವು.

“ತನ್ನ ಮಗ ಯೇಸುನ್ನ ನಮ್ಮ ಸಲುವಾಗಿ ಕಳಿಸಿಕೊಟ್ಟ.”

“ತನ್ನ ಮಗ ಯೇಸುನ್ನ ನಮ್ಮ ಸಲುವಾಗಿ ಕಳಿಸಿಕೊಟ್ಟ!”

“ಯಾರೂ ಮುಟ್ಟದವರನ್ನ ಆತ ಮುಟ್ಟಿದ. ಮಕ್ಕಳು ಸತ್ತ ಮನ್ಯಾಗ ಹೋಗಿ ಅಳಬ್ಯಾಡ್ರಿ ಅಂದ. ನಮ್ಮ ಪಾಪ ಎಲ್ಲಾ ತಾನ ಹೊತ್ತ.”

ಯಜಮಾನರು ಅದನ್ನೂ ಹೇಳಿದರು. ‘ಮಕ್ಕಳು ಸತ್ತ ಮನ್ಯಾಗ’ ಅನ್ನುವಾಗ ಒಮ್ಮೆ ಕೆಮ್ಮಿದರು, ಅದು ದಿನದ ಕೆಮ್ಮಾಗಿರಲಿಲ್ಲ. ನಾನು ಸುತ್ತ ನೋಡಿದೆ. ಮುಂದಿನ ಸಾಲಿನವರಿಗಷ್ಟೇ ಚಿಗವ್ವ ಕೇಳಿಸುತ್ತಿದ್ದಾಳೆ. ಪೇಟೆಯ ತುದಿಯವರೆಗೆ ಸುದ್ದಿ ಮುಟ್ಟಿಸುತ್ತಿರುವವರು ಯಜಮಾನರು. ಸಾಮುವೇಲಪ್ಪನವರಿಗೆ ಇಡೀ ಆಯುಸ್ಸಿನಲ್ಲಿ ಇಷ್ಟು ದೊಡ್ಡ ಸಭೆ ಸಿಕ್ಕಿರಲಿಲ್ಲ. ಆಗ ನನಗೆ ತಟ್ಟನೆ ಹೊಳೆಯಿತು, ನಾಳೆ ಈ ಕಟ್ಟೆಯಲ್ಲಿ ಯಾರ ದನಿ ಕೇಳಿಸುತ್ತದೆ ಎಂಬುದು. ಕಿಸಕ್ಕೆಂದು ನಗು ಬಂತು. ಟವೆಲ್ಲು ಕಚ್ಚಿಕೊಂಡೆ.

“ಆತನ್ನ ಶಿಲುಬಿ ಕಂಬಕ್ಕ ಮೊಳಿ ಬಡದು ತೂಗಹಾಕಿದ್ರು. ಬಡದವರನ್ನ ಕ್ಷಮಿಸಪ್ಪಾ ಅಂತ ಆತ ಬೇಡಿಕೊಂಡ. ಸತ್ತ. ಗವಿಯೊಳಗ ಇಟ್ಟು ಬಾಯಿಗೆ ದೊಡ್ಡ ಕಲ್ಲು ಮುಚ್ಚಿದ್ರು.”

ಯಜಮಾನರು ಕಲ್ಲಿನ ತನಕ ಹೇಳಿ ನಿಲ್ಲಿಸಿದರು. “ಸಾಕು!”

“ಇನ್ನೂ ಐತ್ರಿ ಯಜಮಾನ್ರ.”

“ಸತ್ತ ಅಂದಮ್ಯಾಲ ಇನ್ನೇನ್ ಇರತೈತಿ? ಕಥಿ ಮುಗೀತು. ತಿಳೀತಿಲ್ಲೋ? ನಾಳೆ ಮರುಮಾತು ಕೇಳಿ ತೀರ್ಪು.”

ಆ ದಿನ ಚಿಗವ್ವ ತನ್ನ ಸೂಜಿ, ಕತ್ತರಿ, ಎರಡು ಸೀರೆ ಗಂಟು ಕಟ್ಟಿದಳು. ನಾನೂ ಕಟ್ಟಿದೆ. ಊರಲ್ಲಿ ಮಾತ್ರ ಬೇರೆಯೇ ಗಲಾಟೆ ಶುರುವಾಗಿತ್ತು. ಗಂಡಸರಿಗೆ ಕಥೆ ಕಲ್ಲಿನ ತನಕ ಸಿಕ್ಕಿತ್ತು. ಯಜಮಾನರ ಕಟ್ಟೆಯಲ್ಲಿ ಕೂತಿದ್ದ ಹೆಂಗಸರಿಗೆ ಕೊನೆಯ ತನಕ ಗೊತ್ತಿತ್ತು.

“ಆಮ್ಯಾಲ ಏನಾತೇ?” ಎಂದು ಕಿರಾಣಿ ಅಂಗಡಿಯವನು ಹೆಂಡತಿಯನ್ನು ಕೇಳಿದ್ದು ಓಣಿಗೆಲ್ಲ ಕೇಳಿಸಿತು.

“ಹೇಳಿದ್ರ ಗಡಿ ದಾಟಬೇಕಲ್ಲ? ನೀವ ಕೈ ಎತ್ತಿ ಒಪ್ಪಿದ ಕಟ್ಟಳೆ. ಸುಮ್ನ ಉಣ್ರಿ,” ಅಂದಳು ಆಕೆ.

ಮರುದಿನ ಮುಂಜಾನೆ ಎಲ್ಲರೂ ಕಟ್ಟೆಯ ಸುತ್ತ ಬಾಯಿಗೆ ಬೀಗ ಹಾಕಿಕೊಂಡು ನಿಂತರು. ಹೊತ್ತು ಬಂತು. ‘ಹ್ಞಾಂ’ ಎಂದಿತು ಖಾಲಿ ಗಾಳಿ, ಕೆಮ್ಮಿತು. ಚಿಗವ್ವನ ದನಿ ಮಿಣಮಿಣ ಅಂದಿತು. ಅದರ ಬೆನ್ನಿಗೇ ತಮ್ಮನಗೌಡರ ದನಿ, “ದೇವರು ನಮ್ಮನ್ನ ಮರತಿಲ್ಲ!” ಎಂದು ಕಟ್ಟೆ ಅದುರಿಸಿತು. “ತನ್ನ ಮಗ ಯೇಸುನ್ನ ನಮ್ಮ ಸಲುವಾಗಿ ಕಳಿಸಿಕೊಟ್ಟ!” ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿನ್ನೆಯ ನನ್ನ ಕಿಸಕ್ಕೂ ಸರಿಯಾದ ಜಾಗದಲ್ಲಿ ಬಂತು. ಯಜಮಾನರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು.

ಮರುಮಾತು ನಿಂತ ಮೇಲೆ ಸಿದ್ರಾಮಜ್ಜ ಕೋಲೂರಿ ಎದ್ದ. ಊರಿನ ಕಟ್ಟಳೆಗಳನ್ನೆಲ್ಲ ನೆನಪಿಟ್ಟುಕೊಂಡಿರುವ ಮುದುಕ. “ಎರಡು ದನಿ ಕೇಳ್ಯಾವು. ಒಂದು ರೂತವ್ವಂದು. ಇನ್ನೊಂದು… ಇನ್ನೊಂದು ಭಾಳ ದೊಡ್ಡದಿತ್ತು,” ಅಂದ. ಮುಂದಿನದನ್ನು ಹೇಳುವ ಧೈರ್ಯ ಅವನಿಗೂ ಇರಲಿಲ್ಲ.

ಯಜಮಾನರ ಕಣ್ಣು ಗುಂಪಿನಲ್ಲಿ ಹುಡುಕಿ ನನ್ನ ಮೇಲೆ ಬಂದು ನಿಂತಿತು. “ಇಮ್ಮಣ್ಣಾ, ಬಾ ಇಲ್ಲೆ.” ಹೋದೆ. ಅವರು ಎಲ್ಲರಿಗೂ ಕೇಳಿಸುವ ಹಾಗೆಯೇ ಅಂದರು, ಆದರೆ ಅದರಲ್ಲಿ ಬೇಡಿಕೆಯಿತ್ತು. “ಎಲ್ಲಾರ ದನಿ ತಗಿಯೋ ಹುಡುಗ ನೀನು. ಎರಡೂ ದನಿ ನಂದರೀ, ಮಷ್ಕಿರಿಗೆ ಅಂದ್ನಿ ಅಂತ ಒಂದ ಮಾತು ಹೇಳಿಬಿಡು. ಮಷ್ಕಿರಿಗೆ ಕಟ್ಟಳೆ ಇಲ್ಲ. ನಿನ್ನ ಚಿಗವ್ವ ಮನಿಗೆ, ನಾ ಮನಿಗೆ, ನೀನೂ ಮನಿಗೆ.”

ನಿನ್ನೆ ಎಲ್ಲರೂ ಕಣ್ಣಾರೆ ಕಂಡಿದ್ದರು. ಆದರೂ ಆ ಸುಳ್ಳನ್ನು ಒಪ್ಪಿಕೊಳ್ಳಲು ಇಡೀ ಊರು ಒಂಟಿಕಾಲಲ್ಲಿ ನಿಂತಿತ್ತು. ನನಗೂ ಬಾಯಲ್ಲಿ ನೀರೂರಿತು. ನನ್ನ ಜಾಣತನಕ್ಕೆ ಇದಕ್ಕಿಂತ ಒಳ್ಳೆಯ ಬೆಲೆ ಯಾವ ಸವಾಲಿನಲ್ಲೂ ಬರುವುದಿಲ್ಲ. ಗಂಟು ಬಿಚ್ಚಿ ಸೀರೆಗಳನ್ನು ಮತ್ತೆ ಗಳುವಿಗೆ ಹಾಕಬಹುದು. ಕಳೆದುಕೊಳ್ಳುವುದೇನು? ಚಿಗವ್ವ ನಡುಗುವ ಕಾಲ ಮೇಲೆ ನಿಂತು ಹೇಳಿದ್ದೆಲ್ಲ ಇಮ್ಮಣ್ಣನ ಒಂದು ಮಷ್ಕಿರಿ, ಒಂದು ತಮಾಷೆಯಾಗುತ್ತದೆ, ಅಷ್ಟೆ.

ಅವಳ ಕಡೆ ನೋಡಿದೆ. ಅವಳು ಕಣ್ಸನ್ನೆ ಕೂಡ ಮಾಡಲಿಲ್ಲ. “ನಿನ್ನ ಬಾಯಿ, ನೀನ ನೋಡ್ಕೋ,” ಅಂದಳು.

“ಯಜಮಾನ್ರ,” ಅಂದೆ, “ಆ ದನಿ ನಂದಲ್ರೀ. ಎರಡೂ ನಂದಲ್ಲ. ನನ್ನ ದನಿ ಬೇಕಂದ್ರ ಇಲ್ಲೇ ಐತಿ, ಕೇಳ್ರಿ. ಚಿಗವ್ವ ಹೇಳಿದ್ದೆಲ್ಲಾ ಖರೆ. ಆ ಯೇಸುವಿನವನ ನಾನೂ. ನಿಮ್ಮ ಸಲುವಾಗೂ ಆತ ಸತ್ತಾನ್ರೀ.”

ದನಿ ಒಡೆದ ಮಡಕೆಯಂತೆ ಇತ್ತು. ಹಿಂದಿನ ಸಾಲಿನಿಂದ ಯಾರೋ, “ಇದ್ಯಾರ ದನಿ ತಗದನೋ ಇಂವಾ?” ಅಂದರು. “ಯಾರದೂ ಇದ್ದಂಗಿಲ್ಲ,” ಅಂದ ಇನ್ನೊಬ್ಬ. ಚಿಗವ್ವ ಬಂದು ನನ್ನ ಪಕ್ಕ ನಿಂತು, ಬೆವೆತ ನನ್ನ ಕೈ ಹಿಡಿದುಕೊಂಡಳು.

“ಹಂಗಾರ ನಿನಗೂ ನಾಳೆ…” ಎಂದು ಯಜಮಾನರು ಶುರುಮಾಡುವಷ್ಟರಲ್ಲಿ ಹೆಂಗಸರ ಕಡೆಯಿಂದ ನೀಲಗಂಗವ್ವ ಮುಂದೆ ಬಂದಳು. ಮಗಳು ಹೋದ ಮೇಲೆ ಆಕೆ ಮನೆ ಬಿಟ್ಟು ನಾಲ್ಕು ಜನರ ನಡುವೆ ಬಂದದ್ದು ಅದೇ ಮೊದಲು.

“ನಂದೂ ಗಂಟು ಕಟ್ರಿ,” ಅಂದಳು ಗಂಡನಿಗೆ. “ನಿನ್ನೆ ಇದ ಹೊತ್ತಿಗೆ ಬೀಸುಕಲ್ಲಿನ ಮುಂದ ಕುಂತು ರೂತವ್ವ ಹೇಳಿದ್ದನ್ನ ನಾ ಮಗ್ಗಲ ಓಣಿಯಾಕೀಗೆ ಹೇಳೀನಿ. ಈಗ ಮನಿಗೆ ಹೋಗಿ ಕೇಳ್ರಿ, ನನ್ನ ದನಿ ಬರಾಕತ್ತಿರತೈತಿ.”

“ನಮ್ಮ ಹಿತ್ತಲಾಗೂ ಬರತೈತ್ರೀ,” ಅಂದಳು ಕಿರಾಣಿ ಅಂಗಡಿಯವನ ಹೆಂಡತಿ. ಅವಳ ಗಂಡ ಹೌಹಾರಿದ. “ನನಗ ಹೇಳಲಿಲ್ಲಲ್ಲೇ ನೀ!”

“ಬಾವಿ ಕಟ್ಟೀಮ್ಯಾಲೂ ಬರತೈತಿ,” ಎಂದಿತು ಇನ್ನೊಂದು ದನಿ.

ಸಿದ್ರಾಮಜ್ಜ ಕೋಲಿನ ಮೇಲೆ ಗದ್ದವಿಟ್ಟು ಅಂದ, “ತಮ್ಮನಗೌಡ, ಎಲ್ಲಾರ್ನೂ ಕಳಿಸಿದಿ ಅಂದ್ರ ಗಡಿಕಲ್ಲಿನ ಈಚಿ ನಾನೂ, ಎಮ್ಮಿಗಳೂ ಅಷ್ಟ ಉಳೀತೀವಿ. ಆಮ್ಯಾಲ ನಿನ್ನ ತೀರ್ಪು ಯಾವ ಬಾಯಿಂದ ಹೇಳ್ತಿ? ನೀನೂ ಆಚೀಗೆ ಇರ್ತಿ.”

ಯಜಮಾನರು ಕಟ್ಟೆಯ ಮೇಲೆ ಕೂತರು. ಹೆಂಡತಿಯ ಕಡೆ ನೋಡಿದರು. ಆಮೇಲೆ ‘ಹ್ಞಾಂ’ ಅನ್ನದೆ, ಕೆಮ್ಮದೆ ಅಂದರು, “ಈ ಕಟ್ಟಳೆ ರದ್ದು.”

ಅದು ಜಾರಿಗೆ ಬರಲು ಇನ್ನೊಂದು ಹಗಲು, ಇನ್ನೊಂದು ರಾತ್ರಿ ಕಳೆಯಬೇಕಿತ್ತು. ಅಷ್ಟರಲ್ಲಿ ಅವರು ಮನಸ್ಸು ಬದಲಿಸಿದರೆ? ನಾವು ಗಂಟು ಬಿಚ್ಚಲಿಲ್ಲ. ಮರುದಿನ ಕಟ್ಟೆಯಲ್ಲಿ ನಿನ್ನೆಯ ಮಾತೆಲ್ಲ ಸಾಲುಸಾಲಾಗಿ ಮರಳಿತು. ನನ್ನ ಒಡಕು ದನಿ ಬಂದು ‘ಆ ಯೇಸುವಿನವನ ನಾನೂ’ ಅಂದಾಗಿನಿಂದ ರದ್ದಿನ ಮಾತು ಬರುವ ತನಕ, ಲೆಕ್ಕದ ಪ್ರಕಾರ, ನಾನು ಗಡೀಪಾರಾದವನೇ. ನೆಟ್ಟಗೆ ನಿಂತು, ಬದುಕಿನಲ್ಲಿ ಮೊದಲ ಸಲ, ಸವಾಲಿನ ಕೂಗೂ ಅಲ್ಲದ, ಕಂಡವರದೂ ಅಲ್ಲದ ನನ್ನ ದನಿಯನ್ನು ನಾನೇ ಕೇಳಿದೆ. ಅಂಥ ಕೆಟ್ಟದ್ದೇನೂ ಇರಲಿಲ್ಲ. ಆಮೇಲೆ ಗಾಳಿ, ಯಜಮಾನರ ಬಳಲಿದ ದನಿಯಲ್ಲಿ, “ಈ ಕಟ್ಟಳೆ ರದ್ದು,” ಅಂದಿತು.

ನಮ್ಮ ಓಣಿಯ ದಾನಮ್ಮಜ್ಜಿ ‘ಯೇಸಪ್ಪಾ’ ಎಂದು ಬಾಯಿ ತುಂಬ ಕೂಗಿ, ಅಭ್ಯಾಸಬಲದಿಂದ ಕೈಯಿಂದ ಬಾಯಿ ಮುಚ್ಚಿಕೊಂಡು, ಆಮೇಲೆ ಕೈ ತೆಗೆದು ಇನ್ನೊಮ್ಮೆ ಕೂಗಿದಳು. ಸಾಮುವೇಲಪ್ಪನಿಗೆ ಸುದ್ದಿ ಮುಟ್ಟಿಸಲು ಯಾರೋ ಸೈಕಲ್ಲು ತೆಗೆದರು.

ಜನ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಅಲ್ಲೇ ಕಾಲು ಬದಲಿಸುತ್ತ, ನೆಲ ಕೆರೆಯುತ್ತ ನಿಂತರು. ಯಜಮಾನರು ಎದ್ದು ಹೊರಟವರು ಎರಡು ಹೆಜ್ಜೆ ಹಾಕಿ, ತಿರುಗಿ ಬಂದು, ಚಿಗವ್ವನ ಎದುರು ನಿಂತರು. ಅವರ ಬೆರಳುಗಳು ಹೆಗಲ ಮೇಲಿನ ಶಲ್ಯದ ಅಂಚನ್ನು ಹೊಸೆಯುತ್ತಿದ್ದವು.

“ರೂತವ್ವ,” ಅಂದರು, ಹತ್ತಿರವಿದ್ದ ನನಗೂ ಕಿವಿಗೊಟ್ಟು ಕೇಳಬೇಕಾದಷ್ಟು ಮೆಲ್ಲಗೆ, “ಕಲ್ಲು ಮುಚ್ಚಿದ್ರು ಅಂದೆಲ್ಲ… ಆಮ್ಯಾಲ ಏನಾತು?”

ಚಿಗವ್ವ ನೆಲದ ಮೇಲೆ ಕೂತಳು. ಯಜಮಾನರೂ ಕೂತರು, ಕಟ್ಟೆಯ ಮೇಲಲ್ಲ, ಅವಳೆದುರು ಮಣ್ಣಿನಲ್ಲಿ. ಅವರ ಹಿಂದೆ ಕಿರಾಣಿಯವನು, ಅವನ ಹಿಂದೆ ಊರು. “ಮೂರನೇ ದಿನಾ ಆ ಕಲ್ಲು ಉರುಳಿತ್ರಿ, ಸತ್ತಾತ ಎದ್ದು ಬಂದ,” ಎಂದು ಶುರುಮಾಡಿದಳು ಚಿಗವ್ವ. ಅಷ್ಟರಲ್ಲಿ ನನಗೆ ಸವಾಲು ಕೂಗುವ ಹೊತ್ತಾಗಿತ್ತು. ಪೇಟೆಯ ಕಡೆ ಕತ್ತು ಚಾಚಿ ನೋಡಿದೆ. ಕೊಳ್ಳುವವರೂ ಮಾರುವವರೂ ಇಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಹಾಗಾಗಿ ನಾನೂ ಬಾಯಿ ಮುಚ್ಚಿ ಕೂತೆ. ಆ ದಿನ ಬೆಲ್ಲದ ಪೇಟೆಯಲ್ಲಿ ವ್ಯಾಪಾರ ಮಾಡಿದ್ದು ಇರುವೆಗಳು ಮಾತ್ರ.